ಉದ್ಯಾನಕ್ಕೆ ಹಣ ಎಲ್ಲಿಂದ ಬರುತ್ತದೆ? ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ: ಮುಖ್ಯಾಂಶಗಳು

ಪಿಡಿಒ, ಎಸ್‌ಡಿಎ, ಕೆಎಎಸ್ ಯಾವ ಪರೀಕ್ಷೆಗೆ ಕುಳಿತರೂ ಸ್ಥಳೀಯ ಸಂಸ್ಥೆಗಳ ಹಣಕಾಸಿನ ಮೇಲೆ ಪ್ರಶ್ನೆ ಬಂದೇ ಬರುತ್ತದೆ. ವಿಧಿ, ಆಯೋಗ, ಶೇಕಡಾವಾರು ಎಲ್ಲವನ್ನೂ ಬಾಯಿಪಾಠ ಮಾಡಿದವರು ಕೂಡ ತಮ್ಮ ಊರಿನ ಮಕ್ಕಳು ಆಡುವ ಮೈದಾನಕ್ಕೆ ಹಣ ಯಾವ ದಾರಿಯಲ್ಲಿ ಬರುತ್ತದೆ ಎಂದು ಕೇಳಿದರೆ ತಡವರಿಸುತ್ತಾರೆ. ಉತ್ತರ ಕನ್ನಡದ ಘಟ್ಟದ ಮೇಲಿನ ಈ ನಾಲ್ಕು ಊರುಗಳನ್ನು ಹಿಡಿದು ಓದಿದರೆ ಇಡೀ ಘಟಕ ಒಮ್ಮೆಗೇ ತಲೆಗೆ ಹತ್ತುತ್ತದೆ.

ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದ ಮಾತು ಇದು: ಇಲ್ಲಿ ಕಾಡು, ಬಯಲು, ನೀರು ಇರುವುದು ಒಂದು ಕಡೆ, ತೆರಿಗೆ ಹುಟ್ಟುವುದು ಇನ್ನೊಂದು ಕಡೆ. ಕೇಂದ್ರ ಮತ್ತು ರಾಜ್ಯದಿಂದ ಕೆಳಕ್ಕೆ ಹಣ ಇಳಿಯುವ ಏರ್ಪಾಡು ಇದೆ. ಒಂದು ಊರಿನ ತೆರಿಗೆಯಲ್ಲಿ ಪಕ್ಕದ ಊರಿಗೂ ಪಾಲು ಸಿಗುವ ಏರ್ಪಾಡು ಇಲ್ಲ.

ನಾಲ್ಕು ಊರು, ನಾಲ್ಕು ಬಗೆಯ ಆಡಳಿತ

• ದಾಂಡೇಲಿ: ನಗರಸಭೆ. 2011ರ ಜನಗಣತಿಯಲ್ಲಿ ಸುಮಾರು 52 ಸಾವಿರ ಜನ. ಮೊದಲು ಹಳಿಯಾಳ ತಾಲ್ಲೂಕಿನಲ್ಲಿತ್ತು. 2017ರಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ಸೇರಿತು.
• ಹಳಿಯಾಳ: ಪುರಸಭೆ. ಸುಮಾರು 24 ಸಾವಿರ ಜನ.
• ಮುಂಡಗೋಡ: ಪಟ್ಟಣ ಪಂಚಾಯಿತಿ. 19 ಸಾವಿರಕ್ಕೆ ತುಸು ಕಡಿಮೆ.
• ಜೋಯಿಡಾ: ತಾಲ್ಲೂಕು ಕೇಂದ್ರವಾದರೂ ಗ್ರಾಮ ಪಂಚಾಯಿತಿ. ತಾಲ್ಲೂಕಿನ ಹಳೆಯ ಹೆಸರು ಸೂಪಾ. ಆ ಹೆಸರಿನ ಊರು ಕಾಳಿ ನದಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು.

ಜನಸಂಖ್ಯೆಯ ಮಿತಿಗಳನ್ನು ಇದೇ ಊರುಗಳ ಮೇಲೆ ಕೂರಿಸಿ ನೆನಪಿಡಿ. ಕರ್ನಾಟಕ ಪುರಸಭೆಗಳ ಕಾಯ್ದೆ, 1964ರ ಪ್ರಕಾರ 10 ಸಾವಿರದಿಂದ 20 ಸಾವಿರದವರೆಗೆ ಪಟ್ಟಣ ಪಂಚಾಯಿತಿ, 20ರಿಂದ 50 ಸಾವಿರದವರೆಗೆ ಪುರಸಭೆ, 50 ಸಾವಿರದಿಂದ 3 ಲಕ್ಷದವರೆಗೆ ನಗರಸಭೆ. ಮುಂಡಗೋಡ, ಹಳಿಯಾಳ, ದಾಂಡೇಲಿ ಈ ಮೂರು ಮೆಟ್ಟಿಲುಗಳಲ್ಲಿ ಒಂದೊಂದರ ಮೇಲೆ ನಿಂತಿವೆ. ಜೋಯಿಡಾಕ್ಕೆ ಅನ್ವಯವಾಗುವುದು ಬೇರೆ ಕಾಯ್ದೆ: ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ, 1993.

ಉದ್ಯಾನ ಯಾರ ಹೊಣೆ?

74ನೇ ತಿದ್ದುಪಡಿ (1992, ಜಾರಿ 1993ರ ಜೂನ್ 1) ಸಂವಿಧಾನಕ್ಕೆ 12ನೇ ಅನುಸೂಚಿಯನ್ನು ಸೇರಿಸಿತು. ಒಟ್ಟು 18 ವಿಷಯ. ಉದ್ಯಾನ, ತೋಟ, ಆಟದ ಮೈದಾನಗಳಂಥ ನಗರ ಸೌಲಭ್ಯ 12ನೇ ನಮೂದು. ನಗರ ಅರಣ್ಯ ಮತ್ತು ಪರಿಸರ ರಕ್ಷಣೆ 8ನೇ ನಮೂದು. 12ನೇ ಅನುಸೂಚಿಯ 12ನೇ ನಮೂದು ಎಂದು ನೆನಪಿಟ್ಟರೆ ಮರೆಯುವುದಿಲ್ಲ.

73ನೇ ತಿದ್ದುಪಡಿ (ಜಾರಿ 1993ರ ಏಪ್ರಿಲ್ 24) ತಂದ 11ನೇ ಅನುಸೂಚಿಯಲ್ಲಿ 29 ವಿಷಯಗಳಿವೆ. ಅಲ್ಲಿ ಉದ್ಯಾನ ಎಂಬ ಹೆಸರೇ ಇಲ್ಲ. ಹತ್ತಿರದವು ಮೂರು: ಸಾಮಾಜಿಕ ಮತ್ತು ಕೃಷಿ ಅರಣ್ಯ (6), ಮಾರುಕಟ್ಟೆ ಮತ್ತು ಜಾತ್ರೆಗಳು (22), ಸಮುದಾಯ ಆಸ್ತಿಗಳ ನಿರ್ವಹಣೆ (29). ಹಳ್ಳಿಯಲ್ಲಿ ಬಯಲಿಗೆ ಕೊರತೆಯಿಲ್ಲ ಎಂಬ ಊಹೆ ಇದರ ಹಿಂದೆ ಇದ್ದಿರಬೇಕು ಎಂದು ನನಗೆ ಅನಿಸುತ್ತದೆ. ಜೋಯಿಡಾದಲ್ಲಿ ಆ ಊಹೆ ನಿಲ್ಲುವುದಿಲ್ಲ. ಅದು ಏಕೆ ಎಂಬುದು ಮುಂದೆ ಬರುತ್ತದೆ.

ಬಹಳ ಮಂದಿ ತಪ್ಪು ಬರೆಯುವ ಜಾಗ ಇನ್ನೊಂದಿದೆ. ಸಂವಿಧಾನದ ಪಟ್ಟಿಯಲ್ಲಿದೆ ಎಂದ ಮಾತ್ರಕ್ಕೆ ಉದ್ಯಾನ ಮಾಡುವುದು ಪುರಸಭೆಗೆ ಕಡ್ಡಾಯವಲ್ಲ. 1964ರ ಕಾಯ್ದೆಯ 87ನೇ ಕಲಂ ಕಡ್ಡಾಯ ಕರ್ತವ್ಯಗಳದ್ದು: ಬೀದಿದೀಪ, ನೈರ್ಮಲ್ಯ, ರಸ್ತೆ, ಚರಂಡಿ ಇತ್ಯಾದಿ. 91ನೇ ಕಲಂ ವಿವೇಚನೆಗೆ ಬಿಟ್ಟ ಕರ್ತವ್ಯಗಳದ್ದು. ಸಾರ್ವಜನಿಕ ಉದ್ಯಾನ ಸೇರುವುದು ಇಲ್ಲಿ. ಬಜೆಟ್ ಸಭೆಯಲ್ಲಿ ಉದ್ಯಾನದ ಸರದಿ ಕೊನೆಗೆ ಬರುವುದಕ್ಕೆ ಮೂಲ ಕಾರಣ ಈ ವಿಂಗಡಣೆ. ಸದಸ್ಯರ ಆಸಕ್ತಿ, ಅನಾಸಕ್ತಿ ಆಮೇಲಿನ ಮಾತು.

ಜಾಗ ಉಳಿಸುವ ಕಾನೂನುಗಳು

• ಕರ್ನಾಟಕ ಉದ್ಯಾನಗಳು, ಆಟದ ಮೈದಾನಗಳು ಮತ್ತು ಬಯಲು ಜಾಗಗಳ (ಸಂರಕ್ಷಣೆ ಮತ್ತು ನಿಯಂತ್ರಣ) ಕಾಯ್ದೆ, 1985: ಸ್ಥಳೀಯ ಸಂಸ್ಥೆ ತನ್ನ ವ್ಯಾಪ್ತಿಯ ಇಂಥ ಜಾಗಗಳ ಪಟ್ಟಿ ಮಾಡಬೇಕು, ಪಟ್ಟಿಗೆ ಸೇರಿದ ಜಾಗವನ್ನು ಮನಬಂದಂತೆ ಬೇರೆ ಉದ್ದೇಶಕ್ಕೆ ಬಳಸುವಂತಿಲ್ಲ.
• ಕರ್ನಾಟಕ ಸರ್ಕಾರಿ ಉದ್ಯಾನಗಳ (ಸಂರಕ್ಷಣೆ) ಕಾಯ್ದೆ, 1975: ಇದು ಬೇರೆ. ಕಬ್ಬನ್ ಪಾರ್ಕ್, ಲಾಲ್‌ಬಾಗ್‌ಗಳಂಥ ಸರ್ಕಾರಿ ಉದ್ಯಾನಗಳಿಗೆ. 75 ಮತ್ತು 85 ಅದಲುಬದಲಾಗದಂತೆ ನೋಡಿಕೊಳ್ಳಿ.
• ಕರ್ನಾಟಕ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆ, 1987: ಪ್ರಾಧಿಕಾರದ ಬಡಾವಣೆಯಲ್ಲಿ ಕನಿಷ್ಠ ಶೇ. 15 ಜಾಗ ಉದ್ಯಾನ ಮತ್ತು ಮೈದಾನಕ್ಕೆ, ಅದರ ಮೇಲೆ ಕನಿಷ್ಠ ಶೇ. 10 ನಾಗರಿಕ ಸೌಲಭ್ಯಕ್ಕೆ.
• ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ, 1991: ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಟ್ಟದ್ದು ಸಲ್ಲದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಬಡಾವಣೆಯ ನಿವಾಸಿಗಳಿಗೆ ಕೋರ್ಟಿಗೆ ಹೋಗುವ ಹಕ್ಕಿದೆ ಎಂಬುದೂ ಇದೇ ತೀರ್ಪಿನಲ್ಲಿ ಗಟ್ಟಿಯಾಯಿತು.

ಇವೆಲ್ಲ ಜಾಗವನ್ನು ಕಾಯುತ್ತವೆ. ಬೇಲಿ, ನೀರು, ಮಾಲಿಯ ಸಂಬಳಕ್ಕೆ ಹಣ ಎಲ್ಲಿಂದ ಎಂಬುದಕ್ಕೆ ಇವುಗಳಲ್ಲಿ ಉತ್ತರವಿಲ್ಲ.

ಒಂದು ಮನೆಯ ಚಲನ್ ಬಿಡಿಸಿ ನೋಡೋಣ

ಪಟ್ಟಣಗಳಲ್ಲಿ ಸ್ವಂತ ಆದಾಯದ ಬೆನ್ನೆಲುಬು ಆಸ್ತಿ ತೆರಿಗೆ. 2002ರಿಂದ ಕರ್ನಾಟಕದ ಪುರಸಭೆಗಳಲ್ಲಿ ಸ್ವಯಂ ಘೋಷಣೆಯ ಪದ್ಧತಿ ಇದೆ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ. 5 ರಿಯಾಯಿತಿ.

ದಾಂಡೇಲಿಯ ಒಂದು ಮನೆಗೆ ಆಸ್ತಿ ತೆರಿಗೆ 2,000 ರೂ. ಬಂತು ಎಂದುಕೊಳ್ಳಿ. ಅದರ ಮೇಲೆ ಆರೋಗ್ಯ ಕರ ಶೇ. 15, ಅಂದರೆ 300 ರೂ. ಗ್ರಂಥಾಲಯ ಕರ ಶೇ. 6, 120 ರೂ. ಭಿಕ್ಷುಕರ ಕರ ಶೇ. 3, 60 ರೂ. ಮೂರೂ ಸೇರಿ ಶೇ. 24, ಅಂದರೆ 480 ರೂ. ಈ 480 ರೂಪಾಯಿಯನ್ನು ವಸೂಲಿ ಮಾಡುವುದು ನಗರಸಭೆ, ಆದರೆ ಹಣ ಅದರದ್ದಲ್ಲ. ಆಯಾ ಕಾಯ್ದೆ ಹೇಳಿದ ಕಡೆಗೆ ಹೋಗಬೇಕು. ಗ್ರಂಥಾಲಯ ಕರಕ್ಕೆ ಆಧಾರ 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ, ಭಿಕ್ಷುಕರ ಕರಕ್ಕೆ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ, ಆರೋಗ್ಯ ಕರಕ್ಕೆ 1962ರ ಕಾಯ್ದೆ.

ಚಲನ್‌ನಲ್ಲಿ ಪುಸ್ತಕಕ್ಕೆ ಕರವಿದೆ, ಆರೋಗ್ಯಕ್ಕಿದೆ. ಉದ್ಯಾನಕ್ಕೆಂದು ಪ್ರತ್ಯೇಕ ಸಾಲಿಲ್ಲ. ಉಳಿದ 2,000 ರೂಪಾಯಿಯಲ್ಲೇ ಪೌರಕಾರ್ಮಿಕರ ಖರ್ಚು, ಕುಡಿಯುವ ನೀರು, ದೀಪ, ಚರಂಡಿ ಎಲ್ಲ ಮುಗಿದ ಮೇಲೆ ಮಿಕ್ಕಿದ್ದು ಉದ್ಯಾನಕ್ಕೆ. ಸ್ವಂತ ಆದಾಯದಲ್ಲಿಯೂ ಒಂದು ಭಾಗವನ್ನು ಎತ್ತಿಡಬೇಕು: ಪರಿಶಿಷ್ಟ ಜಾತಿ, ಪಂಗಡದವರ ಕಲ್ಯಾಣಕ್ಕೆ ಶೇ. 24.10, ಇತರ ಬಡವರಿಗೆ ಶೇ. 7.25, ಅಂಗವಿಕಲರಿಗೆ ಶೇ. 5. ಈ ಮೂರು ಅಂಕಿಗಳನ್ನು ಬಹು ಆಯ್ಕೆಯ ಪ್ರಶ್ನೆಯಲ್ಲಿ ಕೇಳುತ್ತಾರೆ. ಎತ್ತಿಡುವುದು ನ್ಯಾಯವೇ. ಗ್ರಂಥಾಲಯಕ್ಕೆ ಅಂಥದೇ ಕಾನೂನಿನ ಆಸರೆ ಸಿಕ್ಕಂತೆ ಮಕ್ಕಳ ಆಟದ ಜಾಗಕ್ಕೂ ಸಿಕ್ಕಿದ್ದರೆ ಎಂಬ ಆಸೆ ನನ್ನದು.

ದಾಂಡೇಲಿಗೆ ಕಾರ್ಖಾನೆಯ ಬಲವಿದೆ. ವೆಸ್ಟ್ ಕೋಸ್ಟ್ ಪೇಪರ್ ಮಿಲ್ 1955ರಲ್ಲಿ ಸ್ಥಾಪನೆಯಾಗಿ 1959ರಲ್ಲಿ ಉತ್ಪಾದನೆ ಶುರು ಮಾಡಿತು. ಊರು ಬೆಳೆದದ್ದು ಅದರ ಸುತ್ತ. ಹಳಿಯಾಳದ್ದು ಸಂತೆ, ವ್ಯಾಪಾರ, ಸುತ್ತಲಿನ ಕೃಷಿಯ ಆಧಾರ. ಕುಸ್ತಿಗೆ ಹೆಸರಾದ ಊರಾದ್ದರಿಂದ ಅಲ್ಲಿ ಮೈದಾನವೆಂದರೆ ಗರಡಿ, ಕುಸ್ತಿ ಕಣವೂ ಸೇರುತ್ತದೆ. ಮುಂಡಗೋಡದ ಬುನಾದಿ ಇನ್ನೂ ಸಣ್ಣದು. ಅಳ್ನಾವರ–ದಾಂಡೇಲಿ ಮಾರ್ಗದ ರೈಲು ನಿಲ್ದಾಣದಂಥ ಕೇಂದ್ರದ ಆಸ್ತಿಗೆ 285ನೇ ವಿಧಿಯ ಪ್ರಕಾರ ಆಸ್ತಿ ತೆರಿಗೆ ಹಾಕುವಂತಿಲ್ಲ.

ಕಳೆದುಹೋದ ಆದಾಯಗಳು

ಹಿಂದೆ ಪಟ್ಟಣಗಳ ಕೈಯಲ್ಲಿ ಆಕ್ಟ್ರಾಯ್ (ಊರೊಳಗೆ ಬರುವ ಸರಕಿನ ಮೇಲಿನ ಸುಂಕ) ಇತ್ತು. ಕರ್ನಾಟಕ ಅದನ್ನು 1979ರಲ್ಲಿ ತೆಗೆದು ಪ್ರವೇಶ ತೆರಿಗೆ ತಂದಿತು. ಆ ಪ್ರವೇಶ ತೆರಿಗೆ 2017ರ ಜುಲೈ 1ರಿಂದ ಜಿಎಸ್‌ಟಿಯಲ್ಲಿ ಕರಗಿತು. 101ನೇ ತಿದ್ದುಪಡಿ (2016) ಜಾಹೀರಾತು ತೆರಿಗೆಯ ನಮೂದನ್ನು (ರಾಜ್ಯ ಪಟ್ಟಿ, 55) ಕಿತ್ತುಹಾಕಿತು. ಮನರಂಜನಾ ತೆರಿಗೆಯನ್ನು (ನಮೂದು 62) ಪಂಚಾಯಿತಿ ಮತ್ತು ಪುರಸಭೆಗಳು ವಿಧಿಸುವ ಮಟ್ಟಿಗೆ ಮಾತ್ರ ಉಳಿಸಿತು. ಜಿಎಸ್‌ಟಿಯಲ್ಲಿ ಸ್ಥಳೀಯ ಸಂಸ್ಥೆಗಳಿಗೆ ನೇರ ಪಾಲಿಲ್ಲ.

ಮುದ್ರಾಂಕ ಶುಲ್ಕದ ಮೇಲಿನ ಅಧಿಭಾರ ಉಳಿದುಕೊಂಡಿದೆ: ನಗರ ಪ್ರದೇಶದಲ್ಲಿ ಶೇ. 2, ಗ್ರಾಮೀಣ ಪ್ರದೇಶದಲ್ಲಿ ಶೇ. 3. ಇದು ಆಸ್ತಿಯ ಬೆಲೆಯ ಮೇಲಲ್ಲ, ಮುದ್ರಾಂಕ ಶುಲ್ಕದ ಮೇಲೆ.

ರಾಜ್ಯದ ಪಾಲು: ಎಸ್‌ಎಫ್‌ಸಿ

243-ಐ ಮತ್ತು 243-ವೈ ವಿಧಿಗಳಡಿ ಐದು ವರ್ಷಕ್ಕೊಮ್ಮೆ ರಾಜ್ಯ ಹಣಕಾಸು ಆಯೋಗ. ತೆರಿಗೆ ಹಾಕುವ ಅಧಿಕಾರಕ್ಕೆ 243-ಎಚ್ (ಪಂಚಾಯಿತಿ), 243-ಎಕ್ಸ್ (ಪುರಸಭೆ). ಅಕ್ಷರಗಳನ್ನು ಜೋಡಿಯಾಗಿ ಓದಿ.

• 1ನೇ ಆಯೋಗ, ಜಿ. ತಿಮ್ಮಯ್ಯ: ರಾಜ್ಯದ ಸಾಲೇತರ ಒಟ್ಟು ಸ್ವಂತ ರಾಜಸ್ವದಲ್ಲಿ ಶೇ. 36, ಪಂಚಾಯಿತಿ ಮತ್ತು ನಗರ ಸಂಸ್ಥೆಗಳಿಗೆ 85:15.
• 2ನೇ ಆಯೋಗ, ಕೆ.ಪಿ. ಸುರೇಂದ್ರನಾಥ್: ಶೇ. 40, ಪಂಚಾಯಿತಿಗೆ 32, ನಗರಕ್ಕೆ 8.
• 3ನೇ ಆಯೋಗ, ಎ.ಜಿ. ಕೊಡ್ಗಿ: ಲೆಕ್ಕದ ಬುಡ ಬದಲಾಯಿತು. ಒಟ್ಟು ರಾಜಸ್ವದ ಬದಲು ನಿವ್ವಳ ರಾಜಸ್ವದಲ್ಲಿ ಶೇ. 33, ಪಂಚಾಯಿತಿಗೆ 23, ನಗರಕ್ಕೆ 10.
• 4ನೇ ಆಯೋಗ, ಸಿ.ಜಿ. ಚಿನ್ನಸ್ವಾಮಿ. 5ನೇ ಆಯೋಗ (2023), ಸಿ. ನಾರಾಯಣಸ್ವಾಮಿ.

40ರಿಂದ 33ಕ್ಕೆ ಇಳಿದಿದೆ ಎಂದು ಮೂರನೇ ಆಯೋಗವನ್ನು ದೂರುವ ಉತ್ತರಗಳನ್ನು ಕಂಡಿದ್ದೇನೆ. ಒಟ್ಟು ಮತ್ತು ನಿವ್ವಳ ಬೇರೆ ಬೇರೆಯಾದ್ದರಿಂದ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬಾರದು. ಹೋಲಿಸಬಹುದಾದದ್ದು ನಗರಗಳ ಪಾಲು: ನೂರಕ್ಕೆ 15ರಿಂದ 20, ಅಲ್ಲಿಂದ ಸುಮಾರು 30ಕ್ಕೆ ಏರಿತು.

ಪುರಸಭೆ ಕಚೇರಿಯ ಮಾತಿನಲ್ಲಿ ಇದೆಲ್ಲ ಎಸ್‌ಎಫ್‌ಸಿ ಅನುದಾನ. ಅದರೊಳಗೆ ವೇತನ ಅನುದಾನ, ವಿದ್ಯುತ್ ಅನುದಾನ, ಮುಕ್ತನಿಧಿ ಎಂಬ ವಿಂಗಡಣೆ. ಉದ್ಯಾನಕ್ಕೆ ದಾರಿ ಇರುವುದು ಮುಕ್ತನಿಧಿಯಲ್ಲಿ. ಸಂಬಳ ಮತ್ತು ಕರೆಂಟ್ ಬಿಲ್ಲಿನದ್ದು ಬಂದ ದಾರಿಯಲ್ಲೇ ಹೊರಡುತ್ತದೆ.

ಕೇಂದ್ರದ ಪಾಲು

280ನೇ ವಿಧಿಯ (3)(ಬಿಬಿ) ಪಂಚಾಯಿತಿಗಳಿಗೆ, (3)(ಸಿ) ಪುರಸಭೆಗಳಿಗೆ. ಕೇಂದ್ರದ 14ನೇ ಹಣಕಾಸು ಆಯೋಗ (2015–20) ಒಟ್ಟು 2,87,436 ಕೋಟಿ ರೂ. ಶಿಫಾರಸು ಮಾಡಿತು, ಹಳ್ಳಿಯ ಪಾಲು ಗ್ರಾಮ ಪಂಚಾಯಿತಿಗಳಿಗೆ ಮಾತ್ರ. 15ನೇ ಆಯೋಗ (2021–26) 4,36,361 ಕೋಟಿ ರೂ. ಶಿಫಾರಸು ಮಾಡಿ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳನ್ನೂ ಸೇರಿಸಿತು: ಗ್ರಾಮ ಪಂಚಾಯಿತಿಗೆ ಶೇ. 70–85, ತಾಲ್ಲೂಕಿಗೆ 10–25, ಜಿಲ್ಲೆಗೆ 5–15. 16ನೇ ಆಯೋಗದ ಅವಧಿ 2026–31, ಅಧ್ಯಕ್ಷರು ಅರವಿಂದ ಪನಗಾರಿಯಾ.

ನಮಗೆ ಬೇಕಾದ ಅಂಕಿ 60:40. ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಪಟ್ಟಣಗಳಿಗೆ 15ನೇ ಆಯೋಗ ಕೊಟ್ಟ ಹಣದಲ್ಲಿ ಶೇ. 60 ನಿರ್ಬಂಧಿತ: ಅರ್ಧ ನೈರ್ಮಲ್ಯ ಮತ್ತು ಘನತ್ಯಾಜ್ಯಕ್ಕೆ, ಅರ್ಧ ಕುಡಿಯುವ ನೀರು ಮತ್ತು ಮಳೆನೀರು ಕೊಯ್ಲಿಗೆ. ಉಳಿದ ಶೇ. 40 ಮುಕ್ತ, ಆದರೆ ಸಂಬಳ ಮತ್ತು ಕಚೇರಿ ವೆಚ್ಚಕ್ಕೆ ಬಳಸುವಂತಿರಲಿಲ್ಲ. ಹಾಗಾಗಿ ಈ ಹಣದಲ್ಲಿ ಮೈದಾನಕ್ಕೆ ಬೇಲಿ ಹಾಕಬಹುದಿತ್ತು. ನೇಮಕಗೊಂಡ ಮಾಲಿಗೆ ಸಂಬಳ ಕೊಡುವಂತಿರಲಿಲ್ಲ. ಉದ್ಘಾಟನೆಯಾದ ಉದ್ಯಾನ ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಒಣಗುವುದಕ್ಕೆ ಕಾರಣ ಹುಡುಕುವವರು ಈ ಷರತ್ತಿನಿಂದ ಶುರು ಮಾಡಬೇಕು.

ಅಮೃತ್ ಯೋಜನೆ (2015) 500 ನಗರಗಳಿಗೆ ಇತ್ತು, ಅದರಲ್ಲಿ ಶೇ. 2.5ರವರೆಗೆ ಉದ್ಯಾನ ಮತ್ತು ಹಸಿರು ಜಾಗಕ್ಕೆ ಮೀಸಲು. ಮುಖ್ಯವಾಗಿ ಲಕ್ಷ ಮೀರಿದ ನಗರಗಳ ಯೋಜನೆಯಾದ್ದರಿಂದ ದಾಂಡೇಲಿಯಂಥ ಊರುಗಳು ಹೊರಗೆ ಉಳಿದವು. 2021ರ ಅಕ್ಟೋಬರ್ 1ರಂದು ಶುರುವಾದ ಅಮೃತ್ 2.0 ಎಲ್ಲ ಶಾಸನಬದ್ಧ ಪಟ್ಟಣಗಳಿಗೂ ಬಾಗಿಲು ತೆರೆಯಿತು. ಕೆರೆ ಪುನಶ್ಚೇತನ, ಹಸಿರು ಜಾಗ ಅದರಲ್ಲಿ ಸೇರಿವೆ. ಜೋಯಿಡಾ ಶಾಸನಬದ್ಧ ಪಟ್ಟಣವಲ್ಲ.

ಜೋಯಿಡಾ: ಸುತ್ತ ಕಾಡು, ಆಡಲು ಜಾಗ?

ಈ ಅಧ್ಯಾಯದ ತಿರುಳು ಇಲ್ಲಿದೆ. ಉಳಿದದ್ದು ಮರೆತರೂ ಇದು ಮರೆಯಬಾರದು.

ಉತ್ತರ ಕನ್ನಡ ಜಿಲ್ಲೆಯ ಸುಮಾರು ಶೇ. 80 ಭಾಗ ಅರಣ್ಯ. ಜೋಯಿಡಾದ ದಟ್ಟ ಕಾಡಿನ ಬಹುಭಾಗ ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದೆ. ಕಾಲಾನುಕ್ರಮ: ದಾಂಡೇಲಿ ವನ್ಯಜೀವಿ ಧಾಮ 1956, ಅಣಶಿ ರಾಷ್ಟ್ರೀಯ ಉದ್ಯಾನ 1987, ಎರಡೂ ಸೇರಿ ದಾಂಡೇಲಿ–ಅಣಶಿ ಹುಲಿ ಸಂರಕ್ಷಿತ ಪ್ರದೇಶ 2007, ಕಾಳಿ ಎಂಬ ಹೆಸರು 2015. ರಾಷ್ಟ್ರೀಯ ಉದ್ಯಾನ ಅರಣ್ಯ ಇಲಾಖೆಯದು, ಊರಿನ ಉದ್ಯಾನವಲ್ಲ. ಮುಂಡಗೋಡ ತಾಲ್ಲೂಕಿನ 2.23 ಚದರ ಕಿ.ಮೀ.ನ ಅತ್ತಿವೇರಿ ಪಕ್ಷಿಧಾಮವೂ ಹಾಗೆಯೇ. ಹುಲಿ ಪ್ರದೇಶದ ಪ್ರವಾಸಿಗರಿಂದ ಬರುವ ಶುಲ್ಕ ವನ್ಯಜೀವಿ ಕಾಯ್ದೆ, 1972ರ 38-ಎಕ್ಸ್ ಕಲಮಿನ ಹುಲಿ ಸಂರಕ್ಷಣಾ ಪ್ರತಿಷ್ಠಾನಕ್ಕೆ ಸಲ್ಲುತ್ತದೆ. ದಾಂಡೇಲಿ ನಗರಸಭೆಗಾಗಲಿ ಜೋಯಿಡಾದ ಪಂಚಾಯಿತಿಗಳಿಗಾಗಲಿ ಅಲ್ಲ.

ಅರಣ್ಯಕ್ಕೆ ಆಸ್ತಿ ತೆರಿಗೆ ಇಲ್ಲ. 1993ರ ಕಾಯ್ದೆಯ 199ನೇ ಕಲಂ ಗ್ರಾಮ ಪಂಚಾಯಿತಿಗೆ ಕೊಟ್ಟಿರುವುದು ಕಟ್ಟಡ ಮತ್ತು ಕೃಷಿಯೇತರ ಜಮೀನಿನ ತೆರಿಗೆ. ಕಾಡಿನ ನಡುವೆ ಚದುರಿದ ಹಳ್ಳಿಗಳಲ್ಲಿ ಅಂಥ ಕಟ್ಟಡಗಳೇ ವಿರಳ. ಗಣೇಶಗುಡಿ ಸುತ್ತಲಿನ ರೆಸಾರ್ಟ್, ಹೋಂಸ್ಟೇಗಳು ಇದಕ್ಕೆ ಹೊರತು. ಕಾಳಿಯಲ್ಲಿ ರಾಫ್ಟಿಂಗ್‌ಗೆ ಬರುವವರು ದಾಂಡೇಲಿಗೆ ಹೋಗಿಬಂದೆವು ಎನ್ನುತ್ತಾರೆ. ನೀರಿಗಿಳಿದದ್ದು ಜೋಯಿಡಾ ತಾಲ್ಲೂಕಿನಲ್ಲಿ. ಅಲ್ಲಿನ ಕಟ್ಟಡದ ತೆರಿಗೆ ಆ ಜಾಗ ಯಾವ ಗ್ರಾಮ ಪಂಚಾಯಿತಿಗೆ ಸೇರಿದೆಯೋ ಅದಕ್ಕಷ್ಟೆ. ಪಕ್ಕದ ಪಂಚಾಯಿತಿಗೂ ಪಾಲಿಲ್ಲ. ತಂಗಿದ್ದಕ್ಕೆ ಕಟ್ಟಿದ ಜಿಎಸ್‌ಟಿ ರಾಜ್ಯಕ್ಕೆ, ಕೇಂದ್ರಕ್ಕೆ.

ಇದೇ ತಾಲ್ಲೂಕಿನ ಉಳವಿಯದೂ ಇದೇ ಕಥೆ. ಚನ್ನಬಸವೇಶ್ವರ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಜನ ಬರುತ್ತಾರೆ. ಎತ್ತುಗಳು ನಿಲ್ಲಲು, ಜನ ಅಡುಗೆ ಮಾಡಿಕೊಳ್ಳಲು, ಮಲಗಲು ಬಯಲು ಬೇಕು. ಆಮೇಲೆ ಅದನ್ನು ಸ್ವಚ್ಛ ಮಾಡಬೇಕು. 199ನೇ ಕಲಂ ಜಾತ್ರೆಗೆ ಬರುವವರ ಮೇಲೆ ಯಾತ್ರಿಕ ಶುಲ್ಕಕ್ಕೆ ಅವಕಾಶ ಕೊಡುತ್ತದೆ, ನೀರು, ಆರೋಗ್ಯ, ನೈರ್ಮಲ್ಯದ ವ್ಯವಸ್ಥೆಯನ್ನು ಪಂಚಾಯಿತಿಯೇ ಮಾಡಿದ್ದರೆ. ಜಾತ್ರೆಯ ಜನ ಬರುವುದು ಜಿಲ್ಲೆ ದಾಟಿ. ಬಯಲಿನ ಭಾರ ಒಂದು ಸಣ್ಣ ಊರಿನ ಮೇಲೆ.

ಹಾಗಾದರೆ ಮೈದಾನಕ್ಕೆ ಅರಣ್ಯದಲ್ಲೇ ಒಂದು ತುಂಡು ಜಾಗ ಕೇಳಬಹುದಲ್ಲ? ಅರಣ್ಯ ಹಕ್ಕು ಕಾಯ್ದೆ, 2006ರ 3(2) ಕಲಂ ಗ್ರಾಮಸಭೆಯ ಶಿಫಾರಸಿನ ಮೇಲೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿಯನ್ನು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯದಂತೆ, 13 ಬಗೆಯ ಸಾರ್ವಜನಿಕ ಸೌಲಭ್ಯಕ್ಕೆ ಬಿಡಲು ಅವಕಾಶ ಮಾಡಿದೆ. ಶಾಲೆ, ಆಸ್ಪತ್ರೆ, ಅಂಗನವಾಡಿ, ನ್ಯಾಯಬೆಲೆ ಅಂಗಡಿ, ವಿದ್ಯುತ್ ಮತ್ತು ದೂರಸಂಪರ್ಕ ತಂತಿ, ಕೆರೆ, ಕುಡಿಯುವ ನೀರಿನ ಕೊಳವೆ, ಮಳೆನೀರು ಕೊಯ್ಲು, ಸಣ್ಣ ಕಾಲುವೆ, ಅಸಾಂಪ್ರದಾಯಿಕ ಇಂಧನ, ಕೌಶಲ ತರಬೇತಿ ಕೇಂದ್ರ, ರಸ್ತೆ, ಸಮುದಾಯ ಭವನ. ಹದಿಮೂರನ್ನೂ ಮತ್ತೊಮ್ಮೆ ಓದಿ. ಆಟದ ಮೈದಾನ ಇಲ್ಲ. ಕಣ್ಣು ಹಾಯಿಸಿದಷ್ಟು ದೂರ ಹಸಿರಿರುವ ತಾಲ್ಲೂಕಿನ ಹುಡುಗರು ಕಬಡ್ಡಿಗೆ ರಸ್ತೆಯಂಚು ಹುಡುಕಬೇಕಾಗಿ ಬಂದರೆ ಕಾನೂನಿನ ಈ ತೂತನ್ನು ನೋಡಬೇಕು. ಇದನ್ನು ತುಂಬಬೇಕೆಂದು ಉತ್ತರ ಪತ್ರಿಕೆಯಲ್ಲಿ ಧೈರ್ಯವಾಗಿ ಬರೆಯಿರಿ.

2005ರ ನರೇಗಾ ಕಾಯ್ದೆಯ 1ನೇ ಅನುಸೂಚಿ ಆಟದ ಮೈದಾನವನ್ನು ಗ್ರಾಮೀಣ ಮೂಲಸೌಕರ್ಯದ ಕಾಮಗಾರಿಯಾಗಿ ಗುರುತಿಸಿತ್ತು. ಆದರೆ ಕೂಲಿಗೆ ಹಣ ಇದ್ದರೂ ಜಾಗ ಇಲ್ಲದೆ ಕೆಲಸ ಆಗದು.

ಕಾಡಿಗೆ ಸಿಕ್ಕ ಹಣ ಎಲ್ಲಿ ನಿಂತಿತು?

13ನೇ ಹಣಕಾಸು ಆಯೋಗ ಅರಣ್ಯಕ್ಕೆಂದು ರಾಜ್ಯಗಳಿಗೆ 5,000 ಕೋಟಿ ರೂ. ಅನುದಾನ ಕೊಟ್ಟಿತು. 14ನೇ ಆಯೋಗ ರಾಜ್ಯಗಳಿಗೆ ತೆರಿಗೆ ಹಂಚುವ ಸೂತ್ರದಲ್ಲೇ ಅರಣ್ಯಕ್ಕೆ ಶೇ. 7.5 ತೂಕ ಇಟ್ಟಿತು. 15ನೇ ಆಯೋಗ ಅದನ್ನು ಶೇ. 10ಕ್ಕೆ ಏರಿಸಿತು. ಅಂದರೆ ಜೋಯಿಡಾದ ಕಾಡು ಕರ್ನಾಟಕದ ಪಾಲಿನ ಲೆಕ್ಕದಲ್ಲಿ ಸೇರುತ್ತದೆ. ಆದರೆ ಆ ಹಣ ರಾಜ್ಯದ ಬೊಕ್ಕಸಕ್ಕೆ ಬಂದು ನಿಲ್ಲುತ್ತದೆ. ಸ್ಥಳೀಯ ಸಂಸ್ಥೆಗಳ ಅನುದಾನವನ್ನು ರಾಜ್ಯಗಳ ನಡುವೆ ಹಂಚುವಾಗ 15ನೇ ಆಯೋಗ ನೋಡಿದ್ದು ಜನಸಂಖ್ಯೆ (ಶೇ. 90) ಮತ್ತು ವಿಸ್ತೀರ್ಣ (ಶೇ. 10), ಅರಣ್ಯ ಅಲ್ಲಿ ಮಾನದಂಡವಲ್ಲ.

ಬ್ರೆಜಿಲ್‌ನ ಪರಾನಾ ರಾಜ್ಯ 1990ರ ದಶಕದ ಆರಂಭದಲ್ಲೇ ತನ್ನ ಮಾರಾಟ ತೆರಿಗೆಯ ಒಂದು ಪಾಲನ್ನು ಸಂರಕ್ಷಿತ ಕಾಡು ಮತ್ತು ಜಲಮೂಲ ಹೊಂದಿದ ಪುರಸಭೆಗಳಿಗೆ ಹೆಚ್ಚಾಗಿ ಕೊಡಲು ಶುರು ಮಾಡಿತು. ಪಕ್ಕದ ಊರುಗಳು ತಮ್ಮತಮ್ಮಲ್ಲೇ ಹಂಚಿಕೊಳ್ಳುವುದಕ್ಕೆ ಉದಾಹರಣೆ ಅಮೆರಿಕದ ಮಿನ್ನೆಸೋಟ: 1971ರ ಕಾನೂನಿನ ಪ್ರಕಾರ ಮಿನ್ನಿಯಾಪೊಲಿಸ್–ಸೇಂಟ್ ಪಾಲ್ ಸುತ್ತಲಿನ ಏಳು ಕೌಂಟಿಗಳಲ್ಲಿ ವಾಣಿಜ್ಯ, ಕೈಗಾರಿಕಾ ಆಸ್ತಿಯ ತೆರಿಗೆ ಬುನಾದಿಯ ಬೆಳವಣಿಗೆಯಲ್ಲಿ ಶೇ. 40 ಒಂದೇ ಗಂಟಿಗೆ ಸೇರಿ ಎಲ್ಲ ಊರುಗಳಿಗೆ ಹಂಚಿಕೆಯಾಗುತ್ತದೆ. ದಾಂಡೇಲಿಯ ಹೊಸ ಹೋಟೆಲಿನ ತೆರಿಗೆಯ ಒಂದು ಪಾಲು ಉಳವಿಯ ಬಯಲಿಗೆ ಹೋಗುವುದನ್ನು ಊಹಿಸಿದರೆ ಈ ಪದ್ಧತಿ ಅರ್ಥವಾಗುತ್ತದೆ. ಕರ್ನಾಟಕದಲ್ಲಿ ಅಂಥ ಕಾನೂನು ಇಲ್ಲ.

ದೀರ್ಘ ಉತ್ತರದ ಪ್ರಶ್ನೆಗೆ

"ನಗರ ಮತ್ತು ಗ್ರಾಮೀಣ ಸ್ಥಳೀಯ ಸಂಸ್ಥೆಗಳು ನೈಸರ್ಗಿಕ ಸಂಪನ್ಮೂಲಗಳನ್ನು ಹಂಚಿಕೊಳ್ಳಲು ಸಂವಿಧಾನದಲ್ಲಿರುವ ಅವಕಾಶ ಚರ್ಚಿಸಿ" ಎಂದು ಬಂದರೆ 243-ಝಡ್‌ಡಿ ವಿಧಿಯಿಂದ ಶುರು ಮಾಡಿ. ಇದು ಜಿಲ್ಲಾ ಯೋಜನಾ ಸಮಿತಿ. ಕರ್ನಾಟಕದಲ್ಲಿ 1993ರ ಕಾಯ್ದೆಯ 310ನೇ ಕಲಂ. ಕನಿಷ್ಠ ಐದನೇ ನಾಲ್ಕು ಭಾಗ ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ಪುರಸಭೆಗಳ ಚುನಾಯಿತ ಸದಸ್ಯರಿಂದ, ಅವರೊಳಗಿನಿಂದಲೇ, ಹಳ್ಳಿ–ಪಟ್ಟಣಗಳ ಜನಸಂಖ್ಯೆಯ ಪ್ರಮಾಣಕ್ಕೆ ತಕ್ಕಂತೆ ಆಯ್ಕೆಯಾಗಬೇಕು. ಪಂಚಾಯಿತಿ ಮತ್ತು ಪುರಸಭೆಗಳ ಸಾಮಾನ್ಯ ಹಿತದ ವಿಷಯಗಳು, ಭೂಬಳಕೆಯ ಯೋಜನೆ, ನೀರು ಮತ್ತು ಇತರ ನೈಸರ್ಗಿಕ ಸಂಪನ್ಮೂಲಗಳ ಹಂಚಿಕೆ, ಪರಿಸರ ಸಂರಕ್ಷಣೆ ಇವನ್ನು ಸಮಿತಿ ಕರಡು ಯೋಜನೆಯಲ್ಲಿ ಗಮನಿಸಲೇಬೇಕು. ಆದರೆ ಈ ಸಮಿತಿಗೆ ತೆರಿಗೆ ಹಾಕುವ ಅಧಿಕಾರವಿಲ್ಲ, ಒಂದು ಸಂಸ್ಥೆಯ ತೆರಿಗೆಯನ್ನು ಇನ್ನೊಂದಕ್ಕೆ ವರ್ಗಾಯಿಸುವ ಅಧಿಕಾರವೂ ಇಲ್ಲ. ಅದು ಕರಡು ಸಿದ್ಧಪಡಿಸುತ್ತದೆ, ಅಧ್ಯಕ್ಷರು ಅದನ್ನು ರಾಜ್ಯ ಸರ್ಕಾರಕ್ಕೆ ಕಳುಹಿಸುತ್ತಾರೆ.